ಕೆಂಪು ಜರ್ಸಿಯವನನ್ನು ಮುಟ್ಟುವಂತಿಲ್ಲ

ಮೈಸೂರಿನ ಸರಸ್ವತಿಪುರಂನಲ್ಲಿ ಕ್ರಿಕೆಟ್ ಸ್ಕೋರ್ ಬರೆಯುತ್ತ ಬೆಳೆದ ಶ್ರೀಕರ್, ಮುಂದೊಂದು ದಿನ ಕೈಯಿಂದ ಎಸೆದು ಆಡುವ ಅಮೆರಿಕದ ಫುಟ್‌ಬಾಲ್ ಹುಡುಗರ ಎಸೆತ ಎಣಿಸಿ ಅನ್ನ ತಿನ್ನುತ್ತಾನೆಂದು ಯಾರೂ ಅಂದುಕೊಂಡಿರಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿ ಅಲ್ಲಿನ ರಾಲಿ ನಗರದ ಹತ್ತಿರದ ಒಂದು ಯೂನಿವರ್ಸಿಟಿ ತಂಡಕ್ಕೆ ಸೇರಿ ಆರು ವರ್ಷವಾಗಿತ್ತು. ಇಡೀ ಸ್ಟಾಫ್‌ನಲ್ಲಿ ಚೆಂಡನ್ನು ಹತ್ತಡಿ ನೆಟ್ಟಗೆ ಎಸೆಯಲಾರದವನು ಇವನೊಬ್ಬನೇ. ಆದರೂ ಎಲ್ಲರೂ ‘ಡಾಕ್’ ಎಂದು ಗೌರವದಿಂದ ಕರೆಯುತ್ತಿದ್ದರು. ಡಾಕ್‌ನ ಅಂಕಿಗಳು ಸುಳ್ಳು ಹೇಳುವುದಿಲ್ಲ ಎಂಬ ಹೆಸರು ಅವನಿಗಿತ್ತು.

2024ರ ವಸಂತದಲ್ಲಿ ಹೆಡ್ ಕೋಚ್ ಅವನಿಗೊಂದು ಕೆಲಸ ಕೊಟ್ಟರು. ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು, ಮೇಸನ್ ಮತ್ತು ಎಲೈಜಾ, ಯಾರು ಮೇಲು? ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಹಿಡಿದು ನಿಂತು, ಯಾರಿಗೆ ಎಸೆಯಬೇಕೆಂದು ಎರಡೂವರೆ ಸೆಕೆಂಡಿನಲ್ಲಿ ತೀರ್ಮಾನಿಸುವವನು. ಅಷ್ಟರೊಳಗೆ ಎದುರಾಳಿಗಳ ಆನೆಯಂಥ ನಾಲ್ಕು ದೇಹಗಳು ಅವನನ್ನು ಕೆಡವಲು ನುಗ್ಗುತ್ತಿರುತ್ತವೆ. ಶ್ರೀಕರ್ ಹದಿನಾಲ್ಕು ಅಭ್ಯಾಸಗಳ ಸಾವಿರದ ನೂರು ಎಸೆತಗಳನ್ನು ಅಳೆದ. ವೇಗ, ಗುರಿ, ತೀರ್ಮಾನ, ಎಲ್ಲದರಲ್ಲೂ ಮೇಸನ್ ಮುಂದು. ಹಿಂದಿನ ವರ್ಷ ನಿಜವಾದ ಪಂದ್ಯಗಳಲ್ಲಿ ಎಲೈಜಾ ಎಸೆದದ್ದು ನಲವತ್ತೊಂದು, ಮೇಸನ್ ಎಸೆದದ್ದು ಸೊನ್ನೆ. ಇಷ್ಟು ಚಿಕ್ಕ ಮಾದರಿಯನ್ನು ನಂಬಬಾರದೆಂದು ಶಾಸ್ತ್ರ ಹೇಳುತ್ತದೆ. ಶಾಸ್ತ್ರದ ಪ್ರಕಾರ ನಮ್ಮ ಡಾಕ್ ಆ ನಲವತ್ತೊಂದನ್ನು ಕೈಬಿಟ್ಟ. ಮೇಸನ್‌ಗೆ ಸ್ಥಾನ ಸಿಕ್ಕಿತು, ಎಲೈಜಾ ತಿಂಗಳೊಳಗೆ ಬೇರೆ ಕಾಲೇಜು ಸೇರಿದ.

ಆದರೆ ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಕೆಂಪು ಜರ್ಸಿ ತೊಡಿಸುತ್ತಾರೆ. ಕೆಂಪು ತೊಟ್ಟವನನ್ನು ಯಾರೂ ಮುಟ್ಟುವಂತಿಲ್ಲ, ದುಬಾರಿ ಭುಜ ನೋಡಿ! ಅಂದರೆ ಆ ಸಾವಿರದ ನೂರು ಎಸೆತಗಳಲ್ಲಿ ಮೇಸನ್ ಒಂದು ಏಟೂ ತಿಂದಿರಲಿಲ್ಲ. ನೆಟ್‌ನಲ್ಲಿ ಶತಕ ಬಾರಿಸಿ ಪಂದ್ಯದಲ್ಲಿ ಸೊನ್ನೆ ಸುತ್ತಿದವರನ್ನು ಮೈಸೂರಿನಲ್ಲಿ ಬೇಕಾದಷ್ಟು ಕಂಡಿದ್ದವನಿಗೆ ಇದು ಹೊಳೆಯಲಿಲ್ಲವಲ್ಲ! ಓದು ಹೆಚ್ಚಾದರೆ ಹೀಗೂ ಆಗುತ್ತದೆ.

ಸೆಪ್ಟೆಂಬರಿನ ಮೊದಲ ಪಂದ್ಯದಲ್ಲಿ ಮೇಸನ್‌ಗೆ ದೊಡ್ಡ ಏಟು ಬಿತ್ತು. ಮರುದಿನ ಶ್ರೀಕರ್ ವೀಡಿಯೊ ಹಾಕಿ ನೋಡಿದ. ಏಟು ಬಿದ್ದ ಮೇಲೆ ಹುಡುಗನ ಕಣ್ಣು ತನ್ನ ಜೊತೆಗಾರರನ್ನು ಹುಡುಕುತ್ತಲೇ ಇರಲಿಲ್ಲ, ನುಗ್ಗಿ ಬರುವವರ ಮೇಲೆಯೇ ನೆಟ್ಟಿತ್ತು. ಅಲುಗಾಡದೆ ನಿಂತು ಮತ್ತಷ್ಟು ಏಟು ತಿನ್ನುತ್ತಿದ್ದ. ಎಲೈಜಾನ ಆ ನಲವತ್ತೊಂದು ಎಸೆತ ತೆಗೆದು ನೋಡಿದ. ಏಟು ತಿಂದು ಎದ್ದವನ ಕಣ್ಣು ಜೊತೆಗಾರರ ಮೇಲಿಂದ ಒಮ್ಮೆಯೂ ಕದಲಿರಲಿಲ್ಲ.

ಹೇಳಿಬಿಡಬಹುದಿತ್ತು. ಆದರೆ ಕೋಚ್‌ಗೆ ‘ಕ್ವಾರ್ಟರ್‌ಬ್ಯಾಕ್‌ಗಳನ್ನು ಕಡೆದು ನಿಲ್ಲಿಸುವವನು’ ಎಂಬ ಖ್ಯಾತಿ, ಡಿಸೆಂಬರಿನಲ್ಲಿ ಅವರ ಕಾಂಟ್ರ್ಯಾಕ್ಟ್ ತೀರ್ಮಾನ. ಪ್ರತಿ ಸೋಮವಾರ ‘ಮೇಸನ್‌ನ ಪ್ರಗತಿ’ ಎಂದೊಂದು ಪುಟ ಅವರಿಗೆ ಬೇಕಿತ್ತು. ಶ್ರೀಕರ್‌ಗೆ ಅದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

“ನಿನ್ ಕೋಚ್ ಹೋದ್ರೆ ಹೊಸಬ್ರು ಇಡೀ ಸ್ಟಾಫನ್ನೇ ಚೇಂಜ್ ಮಾಡ್ತಾರೆ,” ಎಂದಳು ಹೆಂಡತಿ ಯಾಮಿನಿ. “ಕೆಲ್ಸ ಹೋದ್ಮೇಲೆ ವೀಸಾದಲ್ಲಿ ಅರವತ್ತು ದಿನ ಕೊಡ್ತಾರೆ, ಅಷ್ಟೇ. ಆಮೇಲೆ ಇಶಾನ ಎಲ್ಲಿ ಸ್ಕೂಲಿಗೆ ಹಾಕ್ತೀಯಾ? ಗ್ರೀನ್ ಕಾರ್ಡ್ ಬರೋವರ್ಗೂ ಬಾಯ್ ಮುಚ್ಕೊಂಡಿರು.”

“ಅದು ಬರೋಷ್ಟ್ರಲ್ಲಿ ನಾನು ರಿಟೈರ್ ಆಗಿರ್ತೀನಿ ಕಣೇ.”

“ಅಪ್ಪಾ, ಆರ್ ವಿ ಮೂವಿಂಗ್?” ಎಂದಳು ಒಂಬತ್ತರ ಇಶಾ, ತಟ್ಟೆಯಿಂದ ತಲೆಯೆತ್ತದೆ. ಯಾಮಿನಿ ಅವಳ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು.

ನವೆಂಬರಿನಲ್ಲಿ ಕೊನೆಗೂ ತಡೆಯಲಾಗದೆ ಶ್ರೀಕರ್ ಇದ್ದದ್ದನ್ನು ಇದ್ದಂತೆ ಬರೆದು ಕೋಚ್ ಮುಂದಿಟ್ಟ. ಈ ಹುಡುಗನನ್ನು ಹೊರಗೆ ಕೂರಿಸಬೇಕು, ಇಲ್ಲವಾದರೆ ಅವನಿಗೆ ಪೆಟ್ಟಾಗುತ್ತದೆ ಎಂದೂ ಸೇರಿಸಿದ್ದ. ಕೋಚ್ ನಿಧಾನವಾಗಿ ಓದಿದರು.

“ಮೊದಲ ಪಂದ್ಯದಲ್ಲೇ ನೋಡಿದೆ, ಡಾಕ್. ಮೂವತ್ತು ವರ್ಷದಿಂದ ಇಂಥ ಕಣ್ಣುಗಳನ್ನು ನೋಡ್ತಾ ಇದ್ದೀನಿ. ತಿದ್ದಬಹುದು, ಆದರೆ ಒಂದು ವರ್ಷ ಹೊರಗೆ ಕೂರಿಸಬೇಕು. ನನ್ನ ಹತ್ತಿರ ಆ ವರ್ಷ ಇಲ್ಲ.”

ಬೈಯಲಿಲ್ಲ, ಹೆದರಿಸಲಿಲ್ಲ. ಪುಟವನ್ನು ಮಡಚಿ ಹಿಂದಕ್ಕೆ ಕೊಟ್ಟರು. ಆಮೇಲೆ ಡ್ರಾಯರ್‌ನಿಂದ ಶ್ರೀಕರ್‌ನ ವೀಸಾ ವಿಸ್ತರಣೆಗೆ ಬೇಕಾದ ಶಿಫಾರಸು ಪತ್ರ ತೆಗೆದು, ಅವನೆದುರಿಗೇ ನಗುತ್ತ ಸಹಿ ಮಾಡಿದರು. ಶ್ರೀಕರ್ ಥ್ಯಾಂಕ್ಸ್ ಹೇಳಿದ. ಹೇಳಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

ಎರಡು ದಿನ ಕಳೆದು ಮಧ್ಯಾಹ್ನ ಮೇಸನ್ ಅವನ ಕೋಣೆಗೆ ಬಂದ. ಇಪ್ಪತ್ತು ವರ್ಷ, ಬಾಗಿಲು ತುಂಬುವ ಮೈ, ಎಡಗೈ ಮಣಿಕಟ್ಟಿಗೆ ಪಟ್ಟಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಡಾಕ್, ವಾರವಾರ ಸುಧಾರಿಸ್ತಾ ಇದ್ದೀನಿ ಅಂತ ಕೋಚ್ ಹೇಳ್ತಾರೆ. ಅವರು ಕೋಚ್, ಹಾಗೆ ಹೇಳಲೇಬೇಕು. ನೀವು ಹೇಳಿ. ನಿಜಾನಾ?”

ಮಡಚಿದ ಪುಟ ಶ್ರೀಕರ್‌ನ ಬ್ಯಾಗಿನಲ್ಲಿತ್ತು. ಸಹಿಯಾದ ಪತ್ರವೂ ಅದೇ ಬ್ಯಾಗಿನಲ್ಲಿತ್ತು. ಅರವತ್ತು ದಿನ, ಇಶಾಳ ಶಾಲೆ, ಎಲ್ಲ ಒಟ್ಟಿಗೇ ನೆನಪಿಗೆ ಬಂದವು.

“ಹೌದು,” ಎಂದ.

ಮೇಸನ್ ಉಸಿರು ಬಿಟ್ಟ. “ಹಾಗಾದ್ರೆ ಸರಿ. ನನಗೆ ಹೆದರಿಕೆ ಆಗ್ತಿದೆ, ಈ ವರ್ಷ ಆಡಲ್ಲ ಅಂತ ಹೇಳೋಕೆ ಕೋಚ್ ಹತ್ರ ಹೊರಟಿದ್ದೆ. ನಿಮ್ಮನ್ನು ಒಂದು ಮಾತು ಕೇಳಿಯೇ ಹೋಗೋಣ ಅನ್ನಿಸ್ತು.”

ಕೈ ಕುಲುಕಿ ಹೊರಟ. ಶ್ರೀಕರ್ ಎದ್ದು ಬಾಗಿಲವರೆಗೆ ಹೋದ. ಹೆಸರು ಹಿಡಿದು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲೇ ಹುಡುಗ ಕಾರಿಡಾರಿನಲ್ಲಿ ನಡೆಯುತ್ತಿದ್ದ. ಅವನು ಮೆಟ್ಟಿಲಿಳಿದು ಮೈದಾನದ ಕಡೆ ತಿರುಗುವವರೆಗೂ ಶ್ರೀಕರ್ ಅಲ್ಲೇ ನಿಂತಿದ್ದ, ಕೂಗಲಿಲ್ಲ.