ಪರದೆ ಮೇಲೆ ಕಂಡ ತಂಗಿಯ ದನಿ

ನನ್ನ ತಂಗಿಯನ್ನು ಹೊಸದುರ್ಗದ ಕಡೆ ತೆಂಗಿನ ತೋಟದ ಮನೆಗೆ ಕೊಟ್ಟಿತ್ತು. ನಾನು ಹೊಳಲ್ಕೆರೆಯಲ್ಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅವಳು ಅಷ್ಟೂ ಇಲ್ಲ. ಬರೆಯೋ ತಂಟೆಯೇ ಬೇಡ ಅಂತ ಬೆಳಿಗ್ಗೆ ಒಲೆ ಹಚ್ಚಿದ ಕೂಡಲೇ ಫೋನಿನಲ್ಲಿ ಮಾತಾಡಿ ಆ ದನಿ ಕಳಿಸೋಳು. ಅದರಲ್ಲಿ ಅಂಥಾ ಸುದ್ದಿ ಏನೂ ಇರುತ್ತಿರಲಿಲ್ಲ. ಸಾರಿಗೆ ಏನು ಹಾಕಿದೆ, ಸೊಸೆ ಯಾಕೆ ಮುಖ ಊದಿಸಿಕೊಂಡಳು, ಕಾಯಿ ಕೀಳೋನು ಇವತ್ತೂ ಕೈ ಕೊಟ್ಟ. ಕೊನೆಗೆ ಒಂದು ಕೆಮ್ಮು. ಆ ಕೆಮ್ಮೇ ಅವಳನ್ನು ತಗೊಂಡು ಹೋಯಿತು.

ಅವಳು ಹೋದ ಮೇಲೆ ಅವಳ ಮಗ ಫೋನನ್ನು ಪೂರಾ ಅಳಿಸಿ ತನ್ನ ಮಗಳಿಗೆ ಕೊಟ್ಟ. ತಂಗಿಯ ದನಿ ಉಳಿದಿದ್ದು ನನ್ನ ಫೋನಿನಲ್ಲಿ ಮಾತ್ರ. ದಿನಾ ಒಲೆ ಮುಂದೆ ಕುಂತು ಒಂದೊಂದು ಕೇಳುತ್ತಿದ್ದೆ. ಅಳೋಕಲ್ಲ. ಬೆಳಗಾದರೆ ಯಾರಾದರೂ ನನ್ನ ಜತೆ ಮಾತಾಡಬೇಕಲ್ಲ, ಅದಕ್ಕೆ.

ಆಯುಧಪೂಜೆ ದಿನ ನನ್ನ ಮಗ ಗೂಡ್ಸ್ ಆಟೋ ತೊಳೆದು, ಕುಡುಗೋಲು, ಈಳಿಗೆಮಣೆ, ಸ್ಪ್ಯಾನರು ಎಲ್ಲ ಒಂದು ಮಣೆ ಮೇಲೆ ಜೋಡಿಸಿದ. ಮನೆಯವರ ಫೋನುಗಳನ್ನೂ ಇಟ್ಟ. ನನ್ನದು ಬೇಡ ಬಿಡೋ ಅಂದೆ.

"ನಿಂದೂ ಆಯುಧನೇ ಅಲ್ಲೇನವ್ವ, ಊರೋರನ್ನೆಲ್ಲ ಅದ್ರಾಗೇ ಕಡೀತೀಯ" ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಾಯಿ ಒಡೆದು ಹೋಳುಗಳನ್ನು ಮಣೆ ಮೇಲಿಟ್ಟ. ಒಂದು ಹೋಳು ವಾಲಿ, ನೀರು ಹರಿದು ನನ್ನ ಫೋನಿನ ಅಡಿಯಲ್ಲಿ ನಿಂತಿದ್ದನ್ನು ಯಾರೂ ನೋಡಲಿಲ್ಲ. ಪೂಜೆ ಆದ ಆಯುಧವನ್ನು ನಮ್ಮಲ್ಲಿ ಮಾರನೇ ಬೆಳಿಗ್ಗೆವರೆಗೂ ಕದಲಿಸೋದಿಲ್ಲ. ಮಗ, ಸೊಸೆ ಮಂಗಳಾರತಿ ಆರುವ ಮುಂಚೆಯೇ ತಮ್ಮ ಫೋನು ಎತ್ತಿಕೊಂಡರು. ನನ್ನದು ಮಾತ್ರ ಶಾಸ್ತ್ರದ ಪ್ರಕಾರ ಕಾಯಿನೀರಿನಲ್ಲಿ ಮಲಗಿತ್ತು. ಆ ಕಾಯಿ ನನ್ನ ತಂಗಿಯ ತೋಟದ್ದೇ.

ಬೆಳಿಗ್ಗೆ ಎತ್ತಿದರೆ ಪರದೆ ಕಪ್ಪು. ಯಾರಾದರೂ ಕರೆ ಮಾಡಿದರೆ ಗುರ್ ಅಂತ ನಡುಗೋದು ಅಷ್ಟೇ, ಬೆಳಕೂ ಇಲ್ಲ, ಸದ್ದೂ ಇಲ್ಲ. ನಮ್ಮೂರ ಅಂಗಡಿಯವರು ಹೊಸದು ತಗೊಳ್ರಿ ಅಂದರು. ಹೊಸದರಲ್ಲಿ ನನ್ನ ತಂಗಿ ಇರ್ತಾಳಾ ಅಂತ ಕೇಳಿದೆ. ಅವರು ಬೇರೆ ಗಿರಾಕಿ ಕಡೆ ತಿರುಗಿದರು.

ಸೊಸೆ ನನ್ನನ್ನು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಕರಕೊಂಡು ಹೋದಳು. ಕೋಟೆ ಕಡೆ ಹೋಗೋ ದಾರಿಯಲ್ಲಿ ಸಾಬರದೊಂದು ರಿಪೇರಿ ಅಂಗಡಿ. ಈ ಮಾಡೆಲ್ಲಿಗೆ ಈಗ ಪರದೆ ಸಿಗಲ್ಲ, ಆದರೆ ಫೋನಿಗೆ ಇನ್ನೂ ಜೀವ ಐತೆ ಅಂದರು ಅವರು. ವೈರು ಹಾಕಿದರೆ ಫೋನಿನಲ್ಲಿ ಇರೋದೆಲ್ಲ ಕಂಪ್ಯೂಟರ್ ಪರದೆ ಮೇಲೆ ಕಾಣುತ್ತಂತೆ. ಅಲ್ಲಿಂದ ದನಿಗಳನ್ನು ಸೊಸೆಯ ಫೋನಿಗೆ ಕಳಿಸಬಹುದಂತೆ. ಆದರೆ ಮೊದಲು ಲಾಕ್ ತೆಗೀಬೇಕು. ನನ್ನದು ಚುಕ್ಕಿ ಸೇರಿಸಿ ಗೆರೆ ಎಳೆಯೋ ಲಾಕು. ಕಾಣದೆ ಹೆಂಗೆ ಎಳೀತೀರ ಅತ್ತೆ ಅಂದಳು ಸೊಸೆ. ಬಾಗಿಲ ಮುಂದೆ ಕತ್ತಲಲ್ಲೇ ರಂಗೋಲಿ ಹಾಕಿದ ಬೆರಳು ಇದು. ಕಪ್ಪು ಗಾಜಿನ ಮೇಲೆ ಎಳೆದೆ. ಕಂಪ್ಯೂಟರ್ ಕಡೆ ನೋಡಿ ತೆರೀತು ಅಂದರು ಸಾಬರು. ಕಂಪ್ಯೂಟರಿಗೆ ತೋರಿಸಲಾ ಅಂತ ಫೋನು ಒಪ್ಪಿಗೆ ಕೇಳೋ ಗುಂಡಿ ಎಲ್ಲಿರುತ್ತೆ ಅಂತ ಅವರು ಅಂದಾಜಿನ ಮೇಲೆ ಒತ್ತಿ ನೋಡುತ್ತಾ ಹೋದರು.

ಕಂಪ್ಯೂಟರಿನೊಳಗೆ ನನ್ನ ಫೋನು ಬಂದು ನಿಂತಿತು. ತಂಗಿಯ ಫೋಟೊ, ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದು. ಅದರ ಕೆಳಗೆ ಅವಳ ದನಿಗಳು ಸಾಲಾಗಿ. ಒಂದನ್ನು ಒತ್ತಿರಿ ಅಂದೆ. ದನಿ ಏರಿಳಿದ ಹಾಗೆ ಸಣ್ಣ ಸಣ್ಣ ಕಡ್ಡಿ ನೆಟ್ಟ ಹಾಗಿರುತ್ತಲ್ಲ, ಅದರ ಮೇಲೆ ಚುಕ್ಕಿ ಓಡತೊಡಗಿತು. ದನಿ ಬರಲಿಲ್ಲ.

"ಹಳೇ ಫೋನು ಅಮ್ಮ. ವೈರಲ್ಲಿ ಬರೀ ಚಿತ್ರ ಬರ್ತೈತೆ. ಅದ್ರ ಸ್ಪೀಕರ್ರೂ ನೀರಿಗೆ ಹೋಗೈತೆ. ಕಳಿಸಿದ್ಮೇಲೆ ಕೇಳ್ರಿ" ಅಂದರು.

ಚುಕ್ಕಿ ಓಡೋದನ್ನೇ ನೋಡುತ್ತಾ ಕುಂತೆ. ಕೊನೆಯಲ್ಲಿ ಒಂದು ಕಡ್ಡಿ ಉಳಿದವಕ್ಕಿಂತ ಉದ್ದ ನಿಂತಿತ್ತು. ಅದು ಕೆಮ್ಮು.

ಅವರು ಎಲ್ಲವನ್ನೂ ಗುರುತು ಹಾಕಿ ಕಳಿಸೋಕೆ ನೆಟ್ ಹಚ್ಚಿದರು. ಫೋನು ಕೈ ಇಡಲಾರದಷ್ಟು ಬಿಸಿಯಾಯಿತು. ಪರದೆ ಮೇಲಿನ ಚಿತ್ರ ಇದ್ದಲ್ಲೇ ನಿಂತಿತು. ಸೊಸೆ ನನ್ನ ನಂಬರಿಗೆ ಕರೆ ಮಾಡಿ ನೋಡಿದಳು. ಈ ಸಲ ನಡುಗಲೂ ಇಲ್ಲ. ಸಾಬರು ಬಿಚ್ಚಿದರು, ಒರೆಸಿದರು, ಗಾಳಿ ಊದಿದರು. ನಮಗೆ ಚಾ ತರಿಸಿದರು. ಅದು ಆರಿ ಕೆನೆ ಕಟ್ಟಿತು. ಆಮೇಲೆ ತಲೆ ಎತ್ತದೆ ಹೇಳಿದರು, "ಬೋರ್ಡ್ ಸುಟ್ಟೋಯ್ತಮ್ಮ."

ಕಂಪ್ಯೂಟರಿನಲ್ಲಿ ಮಾತ್ರ ಆ ಕಡ್ಡಿಗಳು ಇನ್ನೂ ಹಾಗೇ ಇದ್ದವು. ಮುಚ್ಚಲಾ ಅಂತ ಕೇಳಿದರು. ತಡೀರಿ ಅಂತ ಸೊಸೆ ತನ್ನ ಫೋನಿನಲ್ಲಿ ಅದರ ಫೋಟೊ ತೆಗೆದಳು. ಆಮೇಲೆ ಮುಚ್ಚಿದರು.

ಈಗಲೂ ಬೆಳಿಗ್ಗೆ ನಾನು ಒಲೆ ಮುಂದೆ ಸುಮ್ಮನೆ ಕುಂತಿದ್ದರೆ ಆ ಫೋಟೊ ತೋರಿಸಲಾ ಅಂತಾಳೆ ಸೊಸೆ. ಒಳ್ಳೆ ಮನಸ್ಸಿನಿಂದಲೇ ಕೇಳ್ತಾಳೆ. ಬೇಡ ಅಂತೀನಿ. ಆ ಕಡ್ಡಿ ನೋಡಿಕೊಂಡು ನಾನೇನು ಮಾಡಲಿ? ಅವಳು ಅವತ್ತು ಸಾರಿಗೆ ಏನು ಹಾಕಿದ್ದಳು ಅಂತ ಅದರಿಂದ ಗೊತ್ತಾಗೋದಿಲ್ಲ.