ತುಂಬದ ಬ್ಯಾಡ್ಜು

ಹೊಸ ರಬ್ಬರಿನ ವಾಸನೆ ನನಗೆ ಆಗುವುದಿಲ್ಲ. ಹೋದ ತಿಂಗಳು ಹೊಸಪೇಟೆಯಲ್ಲಿ ಅಕ್ಕನ ಮಗಳ ಕಾಲೇಜಿನ ಪ್ರದರ್ಶನಕ್ಕೆ ಹೋದಾಗ ಅದೇ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮೇಜಿನ ಮೇಲೊಂದು ರಬ್ಬರಿನ ಕೈ. ಗಾಳಿ ತುಂಬಿದರೆ ಬೆರಳು ಮಡಚುತ್ತದೆ, ಬಿಟ್ಟರೆ ಬಿಚ್ಚುತ್ತದೆ. ಇದಕ್ಕೆ ಮೆತ್ತನೆಯ ರೋಬೋಟ್ ಅನ್ನುತ್ತಾರಂತೆ. ವಿಕಿರಣವಿರುವ, ಮನುಷ್ಯರು ಹೋಗಬಾರದ ಜಾಗಕ್ಕೆ ಇಂಥದ್ದನ್ನು ಕಳಿಸುತ್ತಾರಂತೆ. ನನಗೆ ಅಣ್ಣ ನೆನಪಾದರು...

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ಸಂಡೂರಿನ ಕಡೆ ಒಬ್ಬ ಗುತ್ತಿಗೆದಾರನ ಹತ್ತಿರ ನಾನು ಕಾಗದಪತ್ರ ನೋಡುತ್ತಿದ್ದೆ, ಅವರು ಪೈಪುಗಳ ಬೆಸುಗೆಯ ಫೋಟೊ ತೆಗೆಯುತ್ತಿದ್ದರು. ಆಸ್ಪತ್ರೆಯಲ್ಲಿ ಎಲುಬಿಗೆ ಎಕ್ಸ್‌ರೇ ತೆಗೆಯುವ ಹಾಗೆ, ಇಲ್ಲಿ ಕಬ್ಬಿಣಕ್ಕೆ. ವಿಕಿರಣ ಕೊಡುವ ಚೂರು ಅವರೆಕಾಳಿಗಿಂತ ಸಣ್ಣದು. ಅದು ಸೀಸದ ಡಬ್ಬಿಯಿಂದ ಕೊಳವೆಯೊಳಗೆ ಹೋಗಿ, ಕೆಲಸ ಮುಗಿಸಿ ವಾಪಸ್ ಬರಬೇಕು.

ಎಲ್ಲರ ಎದೆಗೂ ಒಂದು ಬ್ಯಾಡ್ಜು. ಯಾರ ಮೈಗೆ ಎಷ್ಟು ತಾಗಿತೆಂದು ಅದೇ ಹೇಳಬೇಕು. ಅವನ್ನು ಕೂಡಿಸಿ ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ಮಿತಿ ಮೀರಿದರೆ ಆ ಮನುಷ್ಯನನ್ನು ಮನೆಗೆ ಕಳಿಸುತ್ತಿದ್ದರು. ಹಾಗಾಗಿ ನಮ್ಮವರ ಬಾಯಲ್ಲಿ ಬ್ಯಾಡ್ಜು 'ತುಂಬುತ್ತಿತ್ತು', ಕೊಡ ತುಂಬಿದ ಹಾಗೆ. ತುಂಬಬಾರದೆಂದು ಕಳಚಿಡುವುದು ಎಲ್ಲರ ರೂಢಿ. ಎಂಥ ಜಾಣತನ ನೋಡಿ! ಮೈ ತುಂಬಿದರೂ ಅಡ್ಡಿಯಿಲ್ಲ, ಬ್ಯಾಡ್ಜು ತುಂಬಬಾರದು.

ಒಂದು ಮಧ್ಯಾಹ್ನ ಚೂರು ವಾಪಸ್ ಬರಲಿಲ್ಲ. ಕೊಳವೆಯ ಡೊಂಕಿನಲ್ಲಿ ಸಿಕ್ಕಿಕೊಂಡಿತ್ತು. ಉಳಿದವರು ಎಚ್ಚರಿಕೆಗೆಂದು ಸುತ್ತ ಕಟ್ಟಿದ್ದ ಹಗ್ಗದಾಚೆ ಓಡಿದರು. ಗುತ್ತಿಗೆದಾರ ಅಣ್ಣನ ಮುಖ ನೋಡಿದ. ಅಣ್ಣ ಹೊಸ ರಬ್ಬರಿನ ಗ್ಲೌಸು ಹಾಕಿಕೊಂಡರು, ಅದು ಏನನ್ನೋ ತಡೆಯುತ್ತದೆ ಎಂಬ ಹಾಗೆ. ಆಮೇಲೆ ಬ್ಯಾಡ್ಜು ಬಿಚ್ಚಿ ನನ್ನ ಕೈಗಿಟ್ಟರು.

"ಇದನ್ನ ಇಟ್ಕೋ ತಂಗೀ. ತುಂಬಿದ್ರ ನಾಳೆ ಮನ್ಯಾಗ ಕುಂದ್ರಬೇಕಾಕ್ಕತಿ."

ನಾನು ಡ್ರಾಯರಿಗೆ ಹಾಕಿದೆ. ಇಕ್ಕಳಕ್ಕೆ ಬಗ್ಗದ ಕೊಳವೆಯನ್ನು ಅವರು ಕೈಯಿಂದಲೇ ನೆಟ್ಟಗೆ ಮಾಡಿ, ಚೂರನ್ನು ಡಬ್ಬಿಗೆ ಸೇರಿಸಿ ಬಂದರು. ನಗುತ್ತಲೇ ಬಂದರು...

ಕೆಲವೇ ದಿನಗಳಲ್ಲಿ ಬಲಗೈ ಬೆರಳುಗಳಲ್ಲಿ ಬೊಬ್ಬೆ ಎದ್ದವು. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಪರಿಹಾರ ಕೇಳಲು ಬಂದಾಗ ಗುತ್ತಿಗೆದಾರ ಬ್ಯಾಡ್ಜಿನ ವರದಿ ಮುಂದಿಟ್ಟ. ಅದರಲ್ಲಿ ಏನೂ ಇರಲಿಲ್ಲ. "ಇದು ರೇಡಿಯೇಶನ್ ಅಲ್ರಿ, ಎಲ್ಲ್ಯೋ ಸುಟ್ಕೊಂಡೀರಿ" ಅಂದ. ಅಣ್ಣ ನನ್ನ ಕಡೆ ತಿರುಗಿದರು.

"ಬ್ಯಾಡ್ಜು ನಿನ್ನ ಡ್ರಾಯರ್‌ನ್ಯಾಗ ಇತ್ತಂತ ಒಂದ್ ಮಾತು ಹೇಳವಾ."

ನಾನು ಹೇಳಲಿಲ್ಲ. ಹೇಳಿದರೆ ನನ್ನ ಕೆಲಸವೂ ಹೋಗುತ್ತಿತ್ತು. ಉಳಿದವರೂ ತಲೆ ತಗ್ಗಿಸಿ ನಿಂತಿದ್ದರು, ಆದರೆ ಅವರನ್ನು ಅಣ್ಣ ಕೇಳಿರಲಿಲ್ಲ. ನನ್ನನ್ನು ಕೇಳಿದ್ದರು. ಆ ನಾಚಿಕೆ ಇನ್ನೂ ಹೋಗಿಲ್ಲ. ಮುಂದೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಎಡಗೈ ಎತ್ತಿ, "ಆರಾಮದಿಯೇನವಾ?" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಅವರು ತೀರಿಕೊಂಡು ಈಗ ಎರಡು ಮಳೆಗಾಲ ಕಳೆದಿವೆ.

"ಚಿಕ್ಕವ್ವಾ, ಕೈ ಕೊಡು" ಎಂದಳು ಅಕ್ಕನ ಮಗಳು. ರಬ್ಬರಿನ ಬೆರಳುಗಳು ನನ್ನ ಕೈಯನ್ನು ಮೆತ್ತಗೆ ಹಿಡಿದುಕೊಂಡವು. ಐದಕ್ಕೆ ಐದೂ ಇದ್ದವು.

"ಇದಕ್ಕೂ ಬ್ಯಾಡ್ಜು ಐತೇನು?" ಎಂದು ಕೇಳಿದೆ.

"ಒಳಗ ಮೀಟರ್ ಕೂಡ್ಸೇವಿ. ಅದನ್ನ ಯಾರೂ ಬಿಚ್ಚಾಕ ಬರಂಗಿಲ್ಲ."

ಚಲೋ ಆತು ಎಂದೆ. ರಬ್ಬರಿನ ಬೆರಳುಗಳು ನನ್ನ ಕೈಯನ್ನು ಇನ್ನೂ ಹಿಡಿದೇ ಇದ್ದವು, ಬಿಡಿಸು ಎಂದು ಹೇಳಬೇಕಿತ್ತು. ಅವತ್ತಿನ ಹಾಗೇ ಆಗಲೂ ನಾನು ಬಾಯಿ ಬಿಡಲಿಲ್ಲ.