ಆಡು ಮುಟ್ಟಿದ ವಿಮಾನ

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು, ನೀರು ಕುಡಿದು, ವಿಜಯಪುರದ ಬಿಸಿಲಿಗೆ ಎರಡು ಮಾತು ಬೈದು, ಕಡೆಗೆ ಗಾಜಿನ ಕಪಾಟಿನತ್ತ ಕತ್ತು ಹೊರಳಿಸಿ ಕೇಳುವ ಪ್ರಶ್ನೆ ಒಂದೇ: "ಸರ, ಇವು ಹಾರತಾವೇನ್ರಿ?" ಗೋಳಗುಮ್ಮಟ ನೋಡಿ ಬಂದವರು ಅದರಲ್ಲಿ ಅಡುಗೆಮನೆ ಎಲ್ಲಿದೆಯೆಂದು ಕೇಳುವುದಿಲ್ಲ; ನನ್ನ ಗೇಣುದ್ದದ ವಿಮಾನಗಳಿಗೆ ಮಾತ್ರ ಈ ಉಪಯುಕ್ತತೆಯ ಪರೀಕ್ಷೆ ತಪ್ಪಿದ್ದಲ್ಲ.

ಹಾರುವುದಿಲ್ಲ, ಮಾರಾಯರೆ. ಹಾರಿದರೆ ಅದು ಚರಿತ್ರೆಗೆ ಬಗೆದ ದ್ರೋಹವಾದೀತು. ಪೆಟ್ಟಿಗೆಯಲ್ಲಿ ಸಿದ್ಧ ಬಿಡಿಭಾಗ ತುಂಬಿ ಮಾರುವ ಪ್ರಖ್ಯಾತ ವಿಮಾನಗಳ ಗೊಡವೆಗೆ ನಾನು ಹೋಗುವವನಲ್ಲ. ನೂರು ವರ್ಷದ ಕೆಳಗೆ ಯಾವುದೋ ದೇಶದ ಯಾವನೋ ಮಹಾನುಭಾವ, ಹೆಂಡತಿಯ ಮಾತು ಮೀರಿ ಒಂದೇ ಒಂದನ್ನು ಕಟ್ಟಿ, ಊರವರೆದುರು ಮೈದಾನದಲ್ಲಿ ಓಡಿಸಿ, ನೆಲ ಬಿಟ್ಟೇಳದೆ ಬೇಲಿಗೆ ಗುದ್ದಿಸಿ, ತಾನೂ ವಿಮಾನವೂ ಜನರ ನೆನಪಿನಿಂದ ಅಳಿಸಿಹೋದ ಪ್ರಸಂಗಗಳುಂಟಲ್ಲ, ನನ್ನ ವಾತ್ಸಲ್ಯವೆಲ್ಲ ಅಂಥವುಗಳ ಮೇಲೆ. ಒಂದು ಮಸುಕು ಛಾಯಾಚಿತ್ರ ಸಿಕ್ಕರೆ ಸಾಕು, ಮೂಲದ ಎಪ್ಪತ್ತೆರಡನೆಯ ಒಂದು ಪಾಲಿಗೆ ಅಳತೆ ಇಳಿಸಿ, ಮದುವೆಯ ಕರೆಯೋಲೆ, ಊದುಬತ್ತಿಯ ಕಡ್ಡಿ, ನನ್ನಾಕೆ ಹುಡುಕುತ್ತಿರುವ ಗುಂಡುಸೂಜಿ ಇತ್ಯಾದಿ ಸಕಲ ಸಂಭಾರಗಳಿಂದ ಪುನರ್ಜನ್ಮ ಕೊಡುತ್ತೇನೆ. ಕಾಲೇಜಿನಲ್ಲಿ ಗಣಿತ ಹೇಳುವ ನನಗೆ ದಶಾಂಶಗಳು ವಿಧೇಯವಾಗಿರುವುದು ಈ ಮೇಜಿನ ಮೇಲೆ ಮಾತ್ರ.

ಈ ಹುಚ್ಚಿನ ಬೇರು ಇರುವುದು ನಮ್ಮಕ್ಕನಲ್ಲಿ. ಚಿಕ್ಕಂದಿನಲ್ಲಿ ಸುಗ್ಗಿ ಮುಗಿದೊಡನೆ ಮಕ್ಕಳೆಲ್ಲ ಜೋಳದ ದಂಟಿನ ಬಂಡಿ ಕಟ್ಟುತ್ತಿದ್ದೆವು: ದಂಟಿನ ಸಿಪ್ಪೆ ಸೀಳಿ ಸಿಬಿರು ಮಾಡಿ, ಅದನ್ನು ಒಳಗಿನ ಬಿಳಿಯ ಬೆಂಡಿಗೆ ಚುಚ್ಚಿದರೆ ಗಾಲಿ, ನೊಗ, ಎತ್ತು ಎಲ್ಲವೂ ಎದ್ದು ನಿಲ್ಲುತ್ತಿದ್ದವು. ಅಕ್ಕನದು ಅಂಗಳದ ತುಂಬ ಓಡುತ್ತಿತ್ತು. ನನ್ನದನ್ನು ನೋಡಿ ಅವಳು, "ಇದು ಬಂಡಿ ಅಲ್ಲೋ, ಮಂಚ ಆಗೇತಿ," ಎಂದಿದ್ದಳು. ಆಕೆಯ ಬಾಯಿಂದ ಒಮ್ಮೆಯಾದರೂ 'ಛಲೋ ಆಗೇತಿ' ಎನ್ನಿಸಿಕೊಳ್ಳಬೇಕೆಂಬ ಆಸೆ ಅಂದಿನಿಂದಲೂ ನನ್ನನ್ನು ಬಿಟ್ಟಿಲ್ಲ. ತಲೆ ನೆರೆಯಿತು, ಆಸೆ ನೆರೆಯಲಿಲ್ಲ.

ಅದಕ್ಕೇ ಈ ಸಲ ಎರಡೂ ಬದಿಗೆ ಒಂದರ ಮೇಲೊಂದು ರೆಕ್ಕೆಜೋಡಿಯಿದ್ದ ಮುದಿ ವಿಮಾನವೊಂದನ್ನು ಬೇಕೆಂದೇ ಬೆಂಡಿನಲ್ಲಿ ಕೆತ್ತಿ, ಜೋಳದ ಸಿಬಿರಿನ ಪಕ್ಕೆಲುಬು ಕೂಡಿಸಿ, ತೆಳು ಕಾಗದವನ್ನು ಜೋಳದ ಹಿಟ್ಟಿನ ಅಂಬಲಿಯಿಂದ ಅಂಟಿಸಿದೆ. ಅದನ್ನು ಪೇಢೆಯ ಡಬ್ಬಿಯಲ್ಲಿ ಮಲಗಿಸಿ, ತೊಡೆಯ ಮೇಲಿಟ್ಟುಕೊಂಡು, ತಿಕೋಟಾ ಹಾದಿಯ ಬಸ್ಸಿನಲ್ಲಿ ಬಾಣಂತಿಯ ಜಾಗರೂಕತೆಯಿಂದ ಬಿಜ್ಜರಗಿಯ ಅಕ್ಕನ ಮನೆಗೆ ಹೋದೆ. ಡಬ್ಬಿ ತೆರೆದಾಗ ಪೇಢೆಗೆ ಕೈ ಚಾಚಿದ್ದ ಮಾಮಾ, ಅಂದರೆ ಅಕ್ಕನ ಗಂಡ, ನಿರಾಶೆ ನುಂಗಿ ಅದೇ ಪ್ರಶ್ನೆ ಕೇಳಿದರು: "ಹಾರತೈತೇನೋ ಇದು?"

ಅಕ್ಕ ಒಲೆಯ ಮುಂದಿದ್ದಳು. ಅವಳು ಬರುವುದರೊಳಗೆ ಒಂದು ಫೋಟೋ ತೆಗೆಯೋಣವೆಂದು, ಬೆಳಕೂ ಹಿನ್ನೆಲೆಯೂ ಸೊಗಸಾಗಿದೆಯೆಂಬ ಸೌಂದರ್ಯಪ್ರಜ್ಞೆಯಿಂದ, ವಿಮಾನವನ್ನು ಹಿತ್ತಲಲ್ಲಿ ಬಿದ್ದಿದ್ದ ಕಣಿಕೆಯ ಸಿವುಡಿನ ಮೇಲಿಟ್ಟು ಮೊಬೈಲು ತರಲು ಒಳಹೋದೆ. ಕಣಿಕೆಯೆಂದರೆ ಒಣಗಿದ ಜೋಳದ ದಂಟು, ಸಿವುಡೆಂದರೆ ಅದರ ಕಟ್ಟು; ದನಕರುಗಳ ಊಟ. ಊಟದ ತಟ್ಟೆಯ ಮೇಲೆ ಊಟದಿಂದಲೇ ಮಾಡಿದ ವಿಮಾನವನ್ನಿಟ್ಟು ತಿರುಗಿಯೂ ನೋಡದೆ ಹೋಗುವ ಬುದ್ಧಿ ಗಣಿತದವನಿಗಲ್ಲದೆ ಯಾರಿಗೆ ಬಂದೀತು!

"ಯಪ್ಪಾ! ಲೇ ತಮ್ಮಾ, ನಿನ್ನ ಇಮಾನ ಆಡು ತಿನ್ನಾಕತ್ತೈತಿ ನೋಡೋ!"

ಅಕ್ಕನ ಕೂಗಿಗೆ ಓಡಿಬಂದೆ. ಎಡಗಡೆಯ ರೆಕ್ಕೆಜೋಡಿ ಪೂರ್ತಿ ಹೋಗಿತ್ತು. ಆಡು ನನ್ನನ್ನೇ ನೋಡುತ್ತ ಸಾವಕಾಶವಾಗಿ ಮೆಲ್ಲುತ್ತಿತ್ತು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆ ಕಟ್ಟಿದವರು ವಿಮಾನ ಕಂಡಿರಲಿಲ್ಲ. ನನಗೆ ಅಳುವೇ ಬಂತು. ರೆಕ್ಕೆ ಹೋದುದಕ್ಕಿಂತ, ಇಡಿಯದನ್ನು ಅಕ್ಕ ನೋಡಲಿಲ್ಲವಲ್ಲ ಎಂದು. ಮಾಮಾ ನಗು ತಡೆಯದೆ, "ಹೋಗಲಿ ಬಿಡೋ, ಹೆಂಗೂ ಹಾರೂದಲ್ಲಲ್ಲ," ಎಂದರು.

ಅಕ್ಕ ತಿರುಗಿ ಬಿದ್ದಳು. "ನಾವು ಮಾಡಿದ ದಂಟಿನ ಬಂಡ್ಯಾಗ ಒಂದರ ಜ್ವಾಳದ ಚೀಲ ಹೇರಿದ್ವೇನ್ರಿ? ಸುಮ್ ಕುಂದರ್ರಿ!"

ಇಷ್ಟು ವರ್ಷ ಅತಿಥಿಗಳಿಗೆ ಕೊಡಲು ನಾನು ತಡಕಾಡುತ್ತಿದ್ದ ಉತ್ತರ ಅವಳ ಸೆರಗಿನಲ್ಲೇ ಇತ್ತು. ಆಮೇಲೆ ಅವಳು ನೆಲಕ್ಕೆ ಕುಳಿತು, ಸಿವುಡಿನಿಂದ ಒಂದು ದಂಟು ಹಿರಿದು, ಹಲ್ಲಿನಿಂದಲೇ ಸಿಪ್ಪೆ ಸೀಳಿ, ಉಳಿದ ಬಲಗಡೆಯನ್ನು ನೋಡಿ ನೋಡಿ ಎಡಗಡೆಯನ್ನು ಕಟ್ಟಿದಳು. ನನ್ನ ಅಳತೆಗೆ ಹೋಲಿಸಿದರೆ ಅವಳ ರೆಕ್ಕೆಗಳು ಊರ ಅಗಸಿಯ ಹೆಬ್ಬಾಗಿಲಿನಷ್ಟು ದಪ್ಪ. ಆದರೂ ನಾನು ಸಿಬಿರು ಒಂದೊಂದಾಗಿ ಎತ್ತಿಕೊಟ್ಟೆ. ಮುಗಿಸಿ, ಅಂಗೈಯಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ ಹೇಳಿದಳು: "ಈಗ ಛಲೋ ಆಗೇತಿ ನೋಡು."

ಆ ಪ್ರಶಂಸೆ ನನ್ನ ವಿಮಾನಕ್ಕೋ ಅವಳ ರೆಕ್ಕೆಗೋ ಎಂದು ಕೇಳುವಷ್ಟು ದಡ್ಡ ನಾನಲ್ಲ. ಅರ್ಧ ನನ್ನದೆಂದು ಎತ್ತಿಕೊಂಡು ಬಸ್ಸು ಹತ್ತಿದೆ.

ಈಗ ಅದು ಕಪಾಟಿನ ನಟ್ಟನಡುವೆ, ಒಂದು ಕಡೆ ವಾಲಿಕೊಂಡು ನಿಂತಿದೆ. ಮೊನ್ನೆ ಬಂದ ಸಹೋದ್ಯೋಗಿಯೊಬ್ಬರು ನೀರು ಕುಡಿದು, ಬಿಸಿಲಿಗೆ ಬೈದು, ಕತ್ತು ಹೊರಳಿಸಿ ಕೇಳಿದರು, "ಸರ, ಇದು ಹಾರತೈತೇನ್ರಿ?"

"ಬಲಗಡಿದು ನಂದ್ರಿ, ಹಾರೂದಿಲ್ಲ," ಎಂದೆ. "ಎಡಗಡಿದು ನಮ್ಮಕ್ಕಂದು. ಅದರದು ಏನೂ ಹೇಳಾಕ ಬರೂದಿಲ್ಲ ನೋಡ್ರಿ."